ರುಸೈಲಿನ ನಾಲಿಗೆ

ಫೆಬ್ರವರಿ 10, ಮಂಗಳವಾರ

ಇಂಗ್ಲೆಂಡಿನಿಂದ ಸುದ್ದಿ ಬಂದಿದೆ. ಒಳ್ಳೆಯ ಸುದ್ದಿಯಲ್ಲ. ಮಾರ್ಸ್‌ಡನ್ ಶರಬತ್ತು ಇನ್ನು ಮೇಲೆ ಲೋಕದಲ್ಲೆಲ್ಲ ಒಂದೇ ರುಚಿಯಲ್ಲಿ ಸಿಗಬೇಕಂತೆ, ಅಂದರೆ ಇಂಗ್ಲೆಂಡಿನವರ ರುಚಿಯಲ್ಲಿ. ಹಾಗಾದರೆ ಮಸ್ಕತ್ತಿನ ಹೊರಗೆ ರುಸೈಲಿನಲ್ಲಿರುವ ನಮ್ಮ ಫ್ಯಾಕ್ಟರಿಯಲ್ಲಿ ಸಕ್ಕರೆ ಪಾಕ ಕಾಯಿಸಿ, ಹಣ್ಣಿನ ರಸ, ಮೂಲಿಕೆಯ ಎಸೆನ್ಸ್ ಕೂಡಿಸುವ ಪಾಕದ ಕೋಣೆಯೇ ಬೇಡ. ಅಲ್ಲಿ ತಯಾರಾದದ್ದು ಹಡಗಿನಲ್ಲಿ ಬರುತ್ತದೆ, ನಾವು ನೀರು ಬೆರೆಸಿ ಬಾಟ್ಲಿಗೆ ತುಂಬಿಸಿದರೆ ಮುಗಿಯಿತು. ಅಷ್ಟಕ್ಕೆ ಮನುಷ್ಯರು ಯಾಕೆ, ನಲ್ಲಿ ಸಾಕು.

ಏಪ್ರಿಲ್ ಕೊನೆಗೆ ಜೇನ್ ಎಂಬ ಹೆಂಗಸು ಬಂದು ಅವರದ್ದನ್ನೂ ನಮ್ಮದನ್ನೂ ಹೋಲಿಸಿ ನೋಡಿ ತೀರ್ಮಾನ ಹೇಳುತ್ತಾಳಂತೆ. ಮೀಟಿಂಗಿನಲ್ಲಿ ಮ್ಯಾನೇಜರ್ ಸಯೀದ್ ಎಲ್ಲರೆದುರು ನನ್ನ ಕಡೆ ಕೈ ತೋರಿಸಿದರು. “ನಮ್ಮ ಹತ್ತಿರ ಪ್ರೆಸಿಲ್ಲಾ ಇದ್ದಾರೆ. ಯಾರು ಬೇಕಾದರೂ ಬರಲಿ.” ನಾನು ತಲೆ ತಗ್ಗಿಸಿ ಕುಳಿತೆ. ನಾಚಿಕೆಯಿಂದಲ್ಲ, ನಗು ಕಾಣಬಾರದೆಂದು.

ಶಿರ್ವದಿಂದ ಮದುವೆಯಾಗಿ ಮಸ್ಕತ್ತಿಗೆ ಬಂದವಳು, ಈ ಲ್ಯಾಬಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ನಾನು ಬಾಯಿಗೆ ಹಾಕಿ ಸರಿ ಅನ್ನದೆ ಒಂದು ಟ್ಯಾಂಕ್ ಶರಬತ್ತು ಇಲ್ಲಿಂದ ಬಾಟ್ಲಿಗೆ ಇಳಿದದ್ದಿಲ್ಲ. ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಅನ್ನುತ್ತಾರೆ. ಡೈರಿಯಲ್ಲೂ ಹೊಗಳಿಕೊಳ್ಳದಿದ್ದರೆ ಇನ್ನೆಲ್ಲಿ?

ಫೆಬ್ರವರಿ 14, ಶನಿವಾರ

ಗುರುವಾರ ಬಂದಿದ್ದ ನನ್ನ ಗಂಡ ಫ್ಲೋಯ್ಡ್ ಈಗಷ್ಟೇ ಕಂಪನಿ ಬಸ್ಸಿನಲ್ಲಿ ದೂರದ ದುಕ್ಮ್‌ಗೆ, ಕೆಲಸಕ್ಕೆ ಹೊರಟರು. ಇವರು ಮನೆಗೆ ಬರುವುದೇ ತಿಂಗಳಿಗೊಮ್ಮೆ, ಅದರಲ್ಲೂ ಜಗಳ. ಇವರಿಗೆಂದೇ ಅಂಜಲ್ ಮೀನು ತಂದು ಸಾರು ಮಾಡಿದ್ದೆ. ಒಂದು ತುತ್ತು ಬಾಯಿಗಿಟ್ಟು ನೀರು ಕುಡಿದರು.

“ಪ್ರೆಸಿ, ಉಪ್ಪು ಎರಡು ಸಲ ಹಾಕಿದ್ಯಾ ಎಂತ?”

“ನಿಮ್ಮ ದುಕ್ಮ್ ಮೆಸ್ಸಿನ ಸಪ್ಪೆ ಊಟ ತಿಂದು ನಿಮ್ಮ ನಾಲಿಗೆ ಹಾಳಾಗಿದೆ. ನನಗೆ ಉಪ್ಪು ಹೇಳಿಕೊಡ್ಲಿಕ್ಕೆ ಬರ್ಬೇಡಿ.”

“ಅಲ್ಲ ಮಾರಾಯ್ತಿ, ಆ ಜನವರಿಯ ಜ್ವರ ಬಂದ ಮೇಲೆ ನಿನ್ನ ಅಡಿಗೆ ಹೀಗೇ ಆಗಿದೆ.”

ಮೊಸರನ್ನ ಉಂಡು ಎದ್ದರು. ನಾನು ಹಠಕ್ಕೆ ಸಾರು ಸುರಿದುಕೊಂಡು ಪೂರ್ತಿ ಉಂಡೆ. ನನಗೇನೂ ಉಪ್ಪು ಹೆಚ್ಚು ಅನ್ನಿಸಲಿಲ್ಲ.

ಫೆಬ್ರವರಿ 18, ಬೂದಿ ಬುಧವಾರ

ಘಾಲಾ ಇಗರ್ಜಿಗೆ ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಹೆಂಗಸರೆಲ್ಲ ಈಸ್ಟರ್ ತನಕ ಏನೇನು ಬಿಡುತ್ತೇವೆಂದು ಹೇಳಿಕೊಳ್ಳುತ್ತಿದ್ದರು. ಜೋಸ್ಲಿನ್ ಮೀನು ಬಿಟ್ಟಳಂತೆ. ಮೀನು ಬಿಟ್ಟವಳ ಮುಖದಲ್ಲಿ ಎಂಥ ಜಂಬ. “ನೀನು ಎಂತ ಬಿಡುದು ಪ್ರೆಸಿಲ್ಲಾ?” ಅಂದಳು.

“ಮಾರ್ಸ್‌ಡನ್. ಈಸ್ಟರ್ ತನಕ ಒಂದು ತೊಟ್ಟು ನಾಲಿಗೆಗೆ ತಾಗಿಸುವುದಿಲ್ಲ. ಲ್ಯಾಬಿನಲ್ಲೂ ಇಲ್ಲ.”

ಜೋಸ್ಲಿನ್ ಮುಖದ ಜಂಬ ಇಳಿಯಿತು. ನನ್ನ ಪಾಲಿಗೆ ಅದೆಂಥ ತ್ಯಾಗವೆಂದು ಎಲ್ಲರಿಗೂ ಗೊತ್ತು. ನಾಳೆ ರಂಜಾನ್ ಶುರು, ಅದಕ್ಕೆ ಬೇಕಾದ ಮಾಲೆಲ್ಲ ಆಗಲೇ ಅಂಗಡಿ ಸೇರಿದೆ, ಇನ್ನು ಈದ್ ಮುಗಿಯುವ ತನಕ ಲ್ಯಾಬಿನಲ್ಲಿ ದೊಡ್ಡ ಕೆಲಸವಿಲ್ಲ ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲ. ನಡುವೆ ಬರುವ ಸಣ್ಣಪುಟ್ಟ ಟ್ಯಾಂಕುಗಳಿಗೆ ಮೂಗು, ಮಶೀನು ಸಾಕು. ಜೇನ್ ಬರುವಷ್ಟರಲ್ಲಿ ಈಸ್ಟರ್ ಕಳೆದಿರುತ್ತದೆ.

ಹೇಳಿದ ಕೂಡಲೇ ಮನಸ್ಸು ಹಗುರವಾಯಿತು. ಯಾಕೋ.

ಫೆಬ್ರವರಿ 19, ಗುರುವಾರ

ಗ್ರಹಚಾರ. ಜೇನ್ ಮಾರ್ಚ್ ಹತ್ತಕ್ಕೇ ಬರುತ್ತಾಳೆ. ಇಲ್ಲಿಯ ಜನ ಮಾರ್ಸ್‌ಡನ್ ಕುಡಿಯುವುದೇ ರಂಜಾನಿನಲ್ಲಿ, ಹಾಗಾಗಿ ರಂಜಾನಿನಲ್ಲೇ ನೋಡಬೇಕಂತೆ.

ರುಚಿ ನೋಡುವ ನಮ್ಮ ಗುಂಪಿನಲ್ಲಿ ಅರ್ಧದಷ್ಟು ಜನ ಉಪವಾಸ. ಸಂಜೆ ಉಪವಾಸ ಬಿಟ್ಟ ಮೇಲೆ ನೋಡೋಣವೆಂದರೆ ಅದು ಆಗದ ಮಾತು, ಇಡೀ ದಿನ ಬಾಯಾರಿದವರಿಗೆ ಏನು ಕೊಟ್ಟರೂ ಚೆಂದವೇ. ಉಳಿದವರಲ್ಲಿ ನಂಬುವಂಥ ನಾಲಿಗೆ ಇದ್ದವಳು ನಾನೊಬ್ಬಳೇ. ನಾನೋ ಇಗರ್ಜಿಯ ಅಂಗಳದಲ್ಲಿ ಊರಿಗೆಲ್ಲ ಕೇಳುವಂತೆ ಮಾತು ಕೊಟ್ಟು ಬಂದಿದ್ದೇನೆ.

ಸೇಲ್ಸಿನ ಬಶೀರಣ್ಣನಿಗೆ ಹೇಳಿದರೆ ನಗು ತಡೆಯಲಾಗಲಿಲ್ಲ. ಉಪ್ಪಿನಂಗಡಿಯ ಬ್ಯಾರಿ ಅವರು, ನಾನು ಸೇರಿದ ವರ್ಷವೇ ವ್ಯಾನ್ ಡ್ರೈವರ್ ಆಗಿ ಸೇರಿದವರು, ಕ್ರೈಸ್ತ ಹೆಂಗಸರನ್ನು ಊರಿನಲ್ಲಿ ಕರೆಯುವಂತೆ ನನ್ನನ್ನು ಬಾಯಮ್ಮ ಅನ್ನುತ್ತಾರೆ. “ಬಾಯಮ್ಮ, ನಮ್ಮ ಉಪವಾಸ ಸಂಜೆಗೆ ಮುಗೀತದೆ. ನಿಮ್ಮದು ಈಸ್ಟರಿಗಾ? ಕೆಲಸದ ಮೇಲೆಯೇ ವ್ರತ ಮಾಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು ಮಾರಾಯ್ರೆ?”

ಸಯೀದ್ ಮಾತ್ರ ನಗಲಿಲ್ಲ. ದೇವರಿಗೆ ಕೊಟ್ಟ ಮಾತು ಬಿಡಿ ಎಂದು ಹೇಳಲು ತನಗೆ ಬಾಯಿ ಬರುವುದಿಲ್ಲ ಅಂದರು. ಆಮೇಲೆ, “ಆ ಹೊಸ ಹುಡುಗಿ ಇದ್ದಾಳಲ್ಲ, ಅವಳನ್ನು ತಯಾರು ಮಾಡಿ.”

ಅಕ್ಷಿತಾ. ದೇವರೇ ಕಾಪಾಡಬೇಕು.

ಫೆಬ್ರವರಿ 23, ಸೋಮವಾರ

ಬೆಳ್ತಂಗಡಿಯ ಹುಡುಗಿ. ಆಹಾರ ವಿಜ್ಞಾನ ಓದಿ ಡಿಸೆಂಬರಿನಲ್ಲಿ ಸೇರಿದವಳು. ಬ್ಯಾಗಿನಲ್ಲಿ ಯಾವಾಗಲೂ ಖಾರದ ಚಿಪ್ಸ್. ಇಂಥವಳ ಬಾಯಿಗೆ ಮಾರ್ಸ್‌ಡನ್ನಿನ ಭವಿಷ್ಯ ಒಪ್ಪಿಸಬೇಕು.

ಗಾಜಿನ ಬಾಗಿಲಿಗೆ ಒಳಗಿನಿಂದ ಕಾಗದ ಅಂಟಿಸಿದೆ, ಉಪವಾಸದವರ ಕಣ್ಣೆದುರು ಕುಡಿಯಬಾರದಲ್ಲ. ಲೋಟ ಕೊಟ್ಟು, “ಹೇಗಿದೆ?” ಅಂದೆ.

“ಸ್ವೀಟ್ ಉಂಟು ಮೇಡಮ್.”

“ಸ್ವೀಟ್ ಉಂಟು ಅಂತ ಹೇಳ್ಲಿಕ್ಕೆ ಇರುವೆ ಸಾಕು. ನಿನಗೆ ಸಂಬಳ ಯಾಕೆ?”

ಮುಖ ಸಣ್ಣದಾಯಿತು. ಆಗಲಿ. ಚಿಪ್ಸ್ ಕಸದ ಬುಟ್ಟಿಗೆ ಹಾಕಿಸಿದೆ. ಈರುಳ್ಳಿ ಬಂದ್, ಸೆಂಟ್ ಬಂದ್, ಬೆಳಗ್ಗಿನ ಕಾಫಿಯೂ ಬಂದ್. ನಾನು ಹೇಗೆ ಬದುಕಿದ್ದೆನೋ ಹಾಗೆ ಬದುಕಿ ತೋರಿಸಲಿ.

ಫೆಬ್ರವರಿ 25, ಬುಧವಾರ

ಬರೀ ಕುಡಿ, ಹೇಳು ಅಂದರೆ ಇವಳ ತಲೆಗೆ ಇಳಿಯುವುದಿಲ್ಲ. ಹಾಗಾಗಿ ಇವತ್ತು ಲೋಟ ಬದಿಗಿಟ್ಟು ಕಥೆ ಹೇಳಿದೆ.

ಮಾರ್ಸ್‌ಡನ್ನಿಗೆ ಮೀನಿನ ಹಾಗೆ ತಲೆ, ಹೊಟ್ಟೆ, ಬಾಲ ಉಂಟು ಅಂದೆ. ಬಾಯಿಗೆ ಹಾಕಿದ ಕೂಡಲೇ ಸಿಗುವುದು ತಲೆ, ಹುಳಿಯಾದ ಹಣ್ಣು. ಅದು ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಒಂದು ಗಿರಣಿ ಊರಿನಲ್ಲಿ ಹುಟ್ಟಿದ್ದು. ಥಾಮಸ್ ಮಾರ್ಸ್‌ಡನ್ ಎಂಬವನು ಮೂಲಿಕೆ, ಕಷಾಯ ಮಾರುವವನು. ಆಗ ಅಲ್ಲಿ ಗಿರಣಿಯ ಕೆಲಸಗಾರರು ಗುಂಪು ಗುಂಪಾಗಿ ಇಗರ್ಜಿಗೆ ಹೋಗಿ ಇನ್ನು ಹೆಂಡ ಮುಟ್ಟುವುದಿಲ್ಲ ಎಂದು ಆಣೆ ಮಾಡುತ್ತಿದ್ದರು. ಆಣೆ ಮಾಡಿದ್ದಾಯಿತು, ಸಂಜೆ ಕುಡಿಯುವುದೇನು? ಕಪ್ಪು ದ್ರಾಕ್ಷಿ, ಕಾಡಿನ ಹಣ್ಣುಗಳ ರಸಕ್ಕೆ ತನ್ನ ಮೂಲಿಕೆ ಸೇರಿಸಿ, ಹೆಂಡದಂತೆ ಬಣ್ಣ ಬರಿಸಿ ಮಾರ್ಸ್‌ಡನ್ ಕೊಟ್ಟ. ಹೆಂಡದಂಗಡಿಯ ಪಕ್ಕದಲ್ಲೇ ನಿಂತು ಮಾರಿದ ಧೈರ್ಯಸ್ಥ.

ಹೊಟ್ಟೆ ಅಂದರೆ ಸಿಹಿ. ಯುದ್ಧದ ಕಾಲದಲ್ಲಿ ಸಕ್ಕರೆ ಸಿಗದೆ ಮಾರ್ಸ್‌ಡನ್ನಿನ ಮಗಳು ವರ್ಷಗಟ್ಟಲೆ ಅಂಗಡಿ ಮುಚ್ಚಿದಳು. ನೀರು ಬೆರೆಸಿ ಹೆಸರು ಕೆಡಿಸುವುದಕ್ಕಿಂತ ಬಾಗಿಲು ಹಾಕುವುದು ಮೇಲು ಅಂದಳಂತೆ. ಇದನ್ನು ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅವಳನ್ನು ನಾನು ಕಂಡಿಲ್ಲ, ಆದರೆ ನನ್ನ ಅತ್ತೆಗಿಂತ ಹತ್ತಿರದವಳು.

ಬಾಲ ಇದೆಯಲ್ಲ, ಅದು ನಮ್ಮದು. ಬಾಟ್ಲಿಗಳು ಬೊಂಬಾಯಿಗೆ ಬಂದು, ಅಲ್ಲಿಂದ ಹಾಯಿ ಹಡಗಿನಲ್ಲಿ ಮಸ್ಕತ್ತಿನ ಹಳೆಯ ಬಂದರು ಮತ್ರಾಕ್ಕೆ ಬಂದವು. ಆಗ ಇಲ್ಲಿಯ ಬಾವಿಯ ನೀರು ಸ್ವಲ್ಪ ಉಪ್ಪು. ಇಂಗ್ಲೆಂಡಿನ ಮಾರ್ಸ್‌ಡನ್ ಆ ನೀರಿನಲ್ಲಿ ಸತ್ತು ಹೋಗುತ್ತಿತ್ತು. ಮತ್ರಾದ ವ್ಯಾಪಾರಿಗಳು ಹಠ ಹಿಡಿದು ಬರೆದರು, ಇನ್ನೂ ಗಟ್ಟಿ ಮಾಡಿ, ಮೂಲಿಕೆ ಹೆಚ್ಚು ಹಾಕಿ, ನುಂಗಿದ ಮೇಲೂ ಗಂಟಲಲ್ಲಿ ನಿಲ್ಲಬೇಕು ಎಂದು. ಹಾಗೆ ಬಂದದ್ದು ನಮ್ಮ ಬಾಲ. ಇಂಗ್ಲೆಂಡಿನದಕ್ಕೆ ಅದಿಲ್ಲ.

ಅಕ್ಷಿತಾ ಕಣ್ಣು ಮಿಟುಕಿಸದೆ ಕೇಳಿದಳು. ಆಮೇಲೆ, “ಮೇಡಮ್, ಈಗ ನೀರಿನಲ್ಲಿ ಉಪ್ಪು ಇಲ್ಲ ಅಲ್ಲವಾ? ಬಾಲ ಯಾಕೆ ಬೇಕು?”

ಜೇನ್ ಕೂಡ ಇದನ್ನೇ ಕೇಳುವವಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. “ಬೇಕು ಅಂದ್ರೆ ಬೇಕು,” ಅಂದೆ.

ಮಾರ್ಚ್ 2, ಸೋಮವಾರ

ಇವಳಿಗೆ ಸ್ವಲ್ಪ ಬಾಯಿ ಬಂದಿದೆ. ಸಣ್ಣ ಟ್ಯಾಂಕೊಂದರ ಸ್ಯಾಂಪಲ್ ಬಂದಿತ್ತು. ನಾನು ಮೂಸಿ ನೋಡಿ ಸರಿ ಇದೆ ಅಂದೆ. ಇವಳು ಬಾಯಿಗೆ ಹಾಕಿ, ಉಗುಳಿ, “ಹುಳಿ ಕಮ್ಮಿ ಉಂಟು ಮೇಡಮ್. ತಲೆ ಇಲ್ಲ,” ಅಂದಳು.

“ನೀನು ಮೊನ್ನೆ ಬಂದವಳು.”

“ಹೌದು ಮೇಡಮ್. ಆದ್ರೂ ಕಮ್ಮಿ ಉಂಟು.”

ಮಶೀನಿಗೆ ಹಾಕಿ ನೋಡಿದರೆ ಕಮ್ಮಿಯೇ. ಮೂಗು ಕಟ್ಟಿದೆ ನನಗೆ, ರುಸೈಲಿನ ಧೂಳು. ಫ್ಯಾಕ್ಟರಿಗಳ ನಡುವೆ ಕುಳಿತು ಎಷ್ಟೆಂದು ಮೂಸುವುದು.

ಮಾರ್ಚ್ 6, ಶುಕ್ರವಾರ

ಬಶೀರಣ್ಣನ ಮನೆಯಲ್ಲಿ ಇಫ್ತಾರ್. ಅಕ್ಷಿತಾಳನ್ನೂ ಕರೆದುಕೊಂಡು ಹೋದೆ, ರೂಮಿನಲ್ಲಿ ಒಬ್ಬಳೇ ಮ್ಯಾಗಿ ತಿಂದು ನಾಲಿಗೆ ಕೆಡಿಸಿಕೊಳ್ಳುವುದು ಬೇಡವೆಂದು.

ಬಶೀರಣ್ಣನ ಹೆಂಡತಿ ನುಸೈಬಾ ನೆಲಕ್ಕೆ ಊಟದ ಸುಪ್ರ ಹಾಸಿ ಖರ್ಜೂರ, ಸಮೋಸ, ಗಂಜಿ ಇಟ್ಟಿದ್ದಳು, ದೊಡ್ಡ ಜಗ್ಗಿನಲ್ಲಿ ಐಸ್ ಹಾಕಿದ ಮಾರ್ಸ್‌ಡನ್. ಮಸೀದಿಯಲ್ಲಿ ಬಾಂಗ್ ಆಯಿತು. ಎಲ್ಲರೂ ಖರ್ಜೂರ ಬಾಯಿಗಿಟ್ಟು, ಹಿಂದೆಯೇ ಮಾರ್ಸ್‌ಡನ್ ಎತ್ತಿದರು. ನನ್ನ ಕೈಯಲ್ಲಿ ನೀರಿನ ಲೋಟ.

“ಬಾಯಮ್ಮ, ಈ ರುಚಿ ಹೋದ್ರೆ ನಾನು ರುಸ್ತಾಕ್‌ನ ಅಂಗಡಿಯವರಿಗೆ ಹೇಗೆ ಮುಖ ತೋರಿಸುದು?” ಅಂದರು ಬಶೀರಣ್ಣ. “ಅಲ್ಲಿಯ ಮುದುಕರು ಒಂದು ಗುಟುಕಿಗೆ ಕಂಡುಹಿಡೀತಾರೆ. ವ್ಯಾನಿನಿಂದ ಇಳೀಲಿಕ್ಕೂ ಬಿಡ್ಲಿಕ್ಕಿಲ್ಲ.”

“ಹೋಗುದಿಲ್ಲ ಬಶೀರಣ್ಣ. ನಾನಿದ್ದೇನೆ.”

ಅಕ್ಷಿತಾ ಖರ್ಜೂರ ತಿಂದಳು, ಕುಡಿದಳು. ಮತ್ತೊಂದು ಖರ್ಜೂರ, ಮತ್ತೊಂದು ಗುಟುಕು. ನುಸೈಬಾ ಪಾಪ ಹುಡುಗಿಗೆ ಹಸಿವೆಂದು ಇಡೀ ತಟ್ಟೆ ಮುಂದಿಟ್ಟಳು.

ಮಾರ್ಚ್ 8, ಭಾನುವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೂ ಆಗುವುದಿಲ್ಲ.

ರಂಜಾನಿನ ಅರ್ಧ ದಿನದ ಕೆಲಸ ಮುಗಿದು ಎಲ್ಲರೂ ಹೋದ ಮೇಲೆ ಲ್ಯಾಬಿನ ಬಾಗಿಲು ಹಾಕಿಕೊಂಡೆ. ಇಂಗ್ಲೆಂಡಿನಿಂದ ಮುಂಚಿತವಾಗಿ ಕಳಿಸಿದ್ದ ಬಾಟ್ಲಿಯದ್ದು ಒಂದು ಲೋಟಕ್ಕೆ, ನಮ್ಮದು ಒಂದು ಲೋಟಕ್ಕೆ ಹಾಕಿದೆ. ದೇವರೇ, ಕ್ಷಮಿಸು ಅಂದುಕೊಂಡು ಕುಡಿದೆ. ಒಂದಾದ ಮೇಲೆ ಒಂದು. ಲೋಟ ಅದಲು ಬದಲು ಮಾಡಿ ಕಣ್ಣು ಮುಚ್ಚಿ ಕುಡಿದೆ.

ಎರಡೂ ಒಂದೇ. ಸಕ್ಕರೆ ನೀರು. ಹಣ್ಣಿಲ್ಲ, ಮೂಲಿಕೆಯಿಲ್ಲ, ಬಾಲವಿಲ್ಲ.

ಜ್ವರ ನನ್ನ ನಾಲಿಗೆಯನ್ನು ತೆಗೆದುಕೊಂಡು ಹೋಗಿದೆ. ಫ್ಲೋಯ್ಡ್ ಹೇಳಿದ್ದು ನಿಜ, ಅಕ್ಷಿತಾ ಹೇಳಿದ್ದು ನಿಜ. ನನಗೂ ಗೊತ್ತಿತ್ತೇನೋ, ಇಗರ್ಜಿಯ ಅಂಗಳದಲ್ಲಿ ಅಷ್ಟು ದೊಡ್ಡ ಮಾತಾಡುವಾಗ. ವ್ರತವೂ ಹೋಯಿತು, ರುಚಿಯೂ ಸಿಗಲಿಲ್ಲ. ಸಿಂಕಿನ ಎದುರು ನಿಂತು ತುಂಬ ಹೊತ್ತು ಅತ್ತೆ.

ಮಾರ್ಚ್ 9, ಸೋಮವಾರ

ಅಕ್ಷಿತಾಳಿಗೆ ಹೇಳಿದೆ, ನಾಳೆ ನಾನು ಕೂರುವ ನಡುವಿನ ಕುರ್ಚಿಯಲ್ಲಿ ಕೂರುವುದು ನೀನು. ವ್ರತದ ನೆಪ ಇದೆಯಲ್ಲ, ಬೇರೆ ಕಾರಣ ಹೇಳಲಿಲ್ಲ.

ಮಾರ್ಚ್ 10, ಮಂಗಳವಾರ

ಜೇನ್ ನಾನಂದುಕೊಂಡಂತೆ ಬಿಗುಮಾನದವರಲ್ಲ. ನನ್ನದೇ ವಯಸ್ಸು, ಮೋಟು ಕೂದಲು, ಚುರುಕು ಕಣ್ಣು. ತಾವೂ ಕುರ್ಚಿ ಎಳೆದುಕೊಂಡು ರುಚಿ ನೋಡಲು ಕುಳಿತರು. ಒಂದು ಲೋಟ, ಬಾಯಿ ತೊಳೆಯಲು ಸಪ್ಪೆ ಬಿಸ್ಕತ್ತು, ನೀರು, ಆಮೇಲೆ ಎರಡನೇ ಲೋಟ. ಯಾವುದು ಯಾರದ್ದೆಂದು ಗುರುತಿಲ್ಲ. ಉಪವಾಸದ ಸಯೀದ್ ಕಾಗದ ಅಂಟಿಸಿದ ಬಾಗಿಲಿನ ಹೊರಗೆ ಶತಪಥ ಹಾಕುತ್ತಿದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

ರುಚಿ ನೋಡಲು ಕುಳಿತಿದ್ದ ಪ್ಯಾಕಿಂಗಿನವರು, ಸ್ಟೋರಿನವರು ಎಲ್ಲರೂ ಯಾವುದೋ ಒಂದನ್ನು ನಮ್ಮದೆಂದು ಊಹಿಸಿ ಹೊಗಳಿದರು. ಕೆಲವರು ಹೊಗಳಿದ್ದು ಇಂಗ್ಲೆಂಡಿನದನ್ನು. ಕೆಲಸ ಹೋದೀತೆಂಬ ಹೆದರಿಕೆ, ಪಾಪ.

ಅಕ್ಷಿತಾ ಮಾತ್ರ ನಿಧಾನ ಮಾಡಿದಳು. “ಒಂದನೇದು ನಿಮ್ಮದು, ಎರಡನೇದು ನಮ್ಮದು,” ಅಂದಳು ಜೇನ್‌ಗೆ. “ಹೀಗೆ ಕುಡಿದರೆ ಒಂದನೇದೇ ಒಳ್ಳೆಯದು. ಹಣ್ಣು ಸ್ಪಷ್ಟ ಇದೆ.”

ಕೈಗೆ ಸಿಕ್ಕಿದ್ದರೆ ಕಿವಿ ಹಿಂಡುತ್ತಿದ್ದೆ.

“ಆದರೆ ಇಲ್ಲಿ ಯಾರೂ ಬಿಸ್ಕತ್ತು ತಿಂದು ಇದನ್ನು ಕುಡಿಯುವುದಿಲ್ಲ,” ಅಂದಳು. ಬ್ಯಾಗಿನಿಂದ ಡಬ್ಬಿ ತೆಗೆದು ಮುಚ್ಚಳ ತೆರೆದಳು. ಖರ್ಜೂರ. “ಮೊದಲು ಇದು. ಆಮೇಲೆ ಎರಡೂ ನೋಡಿ.”

ಜೇನ್ ಖರ್ಜೂರ ಜಗಿದು ಒಂದನೇ ಲೋಟ ಕುಡಿದರು. ಹುಬ್ಬು ಗಂಟಾಯಿತು. ಮತ್ತೆ ಖರ್ಜೂರ, ಎರಡನೇ ಲೋಟ. ಕಣ್ಣು ಮುಚ್ಚಿ, ನುಂಗಿ, ಹಾಗೇ ಕುಳಿತರು. ಬಾಲ ಬರುವ ತನಕ ಕಾಯುತ್ತಿದ್ದಾರೆಂದು ನನಗೆ ಗೊತ್ತಾಯಿತು.

“ಖರ್ಜೂರದ ಮುಂದೆ ನಮ್ಮದು ನೀರಾಯಿತು,” ಅಂದರು ನಕ್ಕು. “ನಿಮ್ಮದು ನಿಂತಿತು.”

ಅವತ್ತು ನನಗೆ ಹೊಳೆಯದ ಉತ್ತರ. ವರ್ಷಾ ವರ್ಷ ಇಫ್ತಾರಿಗೆ ಹೋದವಳು ನಾನು, ಖರ್ಜೂರವನ್ನು ನೋಡಿಯೂ ನೋಡಿರಲಿಲ್ಲ. ನನಗೆ ಹೊಟ್ಟೆಕಿಚ್ಚು ಆಗಬೇಕಿತ್ತು. ಆಗಲಿಲ್ಲ. ಆ ಕುರ್ಚಿಯಲ್ಲಿ ಹುಡುಗಿ ಕುಳಿತ ರೀತಿ ನೋಡಬೇಕಿತ್ತು.

ಮಾರ್ಚ್ 12, ಗುರುವಾರ

ನಿನ್ನೆಯೇ ಜೇನ್ ಸಯೀದ್‌ಗೆ ಹೇಳಿದ್ದರು, ಪಾಕದ ಕೋಣೆ ರುಸೈಲಿನಲ್ಲೇ ಇರಲಿ ಎಂದು ತಾನು ಇಂಗ್ಲೆಂಡಿಗೆ ಬರೆಯುತ್ತೇನೆ, ಆದರೆ ಹೊರಡುವ ಮುಂಚೆ ಒಂದು ಪೂರ್ತಿ ಟ್ಯಾಂಕ್ ತಯಾರಾಗುವುದನ್ನು ಕಣ್ಣಾರೆ ನೋಡಬೇಕು. ಅದು ಸರಿ ಬಂದರೆ ಮಾತ್ರ. ಹಾಗಾಗಿ ಇವತ್ತು ಫ್ಯಾಕ್ಟರಿಯಲ್ಲಿ ಮದುವೆ ಮನೆಯ ಗಡಿಬಿಡಿ. ಫೋಟೋದವರು ಬಂದಿದ್ದರು. ಬಶೀರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಜೇನ್‌ರ ವಿಮಾನಕ್ಕೆ ತಡವಾಗಬಾರದೆಂದು ಪಾಕದ ಕೋಣೆಯವರು ಬೆಳಗ್ಗಿನಿಂದ ಓಡಾಟ.

ಟ್ಯಾಂಕ್ ಆಯಿತು. ಸಯೀದ್ ಸ್ಯಾಂಪಲ್ ಲೋಟವನ್ನು ಟ್ರೇಯಲ್ಲಿಟ್ಟು ನನ್ನೆದುರು ಹಿಡಿದರು. “ಪ್ರೆಸಿಲ್ಲಾ, ಈ ಒಂದು ಸಲಕ್ಕೆ ನಿಮ್ಮ ದೇವರು ಬೇಸರ ಮಾಡಿಕೊಳ್ಳಲಿಕ್ಕಿಲ್ಲ. ಇದು ನಿಮ್ಮ ಬಾಯಿಂದಲೇ ಆಗಬೇಕು.”

ಎಲ್ಲರ ಕಣ್ಣು ನನ್ನ ಮೇಲೆ. ಸುಮ್ಮನೆ ಒಂದು ಗುಟುಕು ಕುಡಿದು ಸರಿ ಇದೆ ಅಂದಿದ್ದರೆ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾರ್ಸ್‌ಡನ್ನಿನ ಮಗಳು ನೆನಪಾದಳು.

“ವ್ರತಕ್ಕಲ್ಲ ಸರ್,” ಅಂದೆ. “ಜನವರಿಯ ಜ್ವರದ ನಂತರ ನನಗೆ ರುಚಿ ಗೊತ್ತಾಗುವುದಿಲ್ಲ. ಇನ್ನು ಇಲ್ಲಿ ರುಚಿ ನೋಡುವವಳು ಅಕ್ಷಿತಾ.”

ಕುತ್ತಿಗೆ ನೆಟ್ಟಗೆ ಇಟ್ಟುಕೊಂಡೇ ಹೇಳಿದೆ. ಸಯೀದ್ ಟ್ರೇಯನ್ನು ಅಕ್ಷಿತಾಳ ಕಡೆ ತಿರುಗಿಸಿದರು. ಬಶೀರಣ್ಣ ತಲೆ ಬಗ್ಗಿಸಿದರು. ಅಕ್ಷಿತಾ ನನ್ನ ಮುಖವನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. “ಅಳಬೇಡ, ಮೂಗು ಕಟ್ಟುತ್ತದೆ. ಕೆಲಸ ಮಾಡು,” ಅಂದೆ.

ಬಾಯಿಗೆ ಹಾಕಿದಳು. ತಿರುಗಿಸಿದಳು. ಉಗುಳಿದಳು. ಬಾಯಿ ತೊಳೆದು ಇನ್ನೊಮ್ಮೆ ಹಾಕಿದಳು. ಫೋಟೋದವನು ಕ್ಯಾಮೆರಾ ಎತ್ತಿ ತಯಾರಾಗಿ ನಿಂತಿದ್ದ.

“ಬಾಲ ಇಲ್ಲ ಮೇಡಮ್,” ಅಂದಳು. “ಪಾಕ ಆರುವ ಮೊದಲೇ ಎಸೆನ್ಸ್ ಹಾಕಿದ್ದಾರೆ. ಸುವಾಸನೆ ಹಾರಿಹೋಗಿದೆ. ಇದು ಬೇಡ.”

ಸಯೀದ್ ಮೆಲ್ಲಗೆ ಹಿಂದಿಯಲ್ಲಿ, “ಬೇಟಿ, ಇನ್ನೊಮ್ಮೆ ನೋಡು,” ಅಂದರು. ಪಾಕದ ಕೋಣೆಯ ಮೇಸ್ತ್ರಿ ನನ್ನ ಕಡೆ ನೋಡಿದ. ಎಲ್ಲರೂ ನೋಡಿದರು. ನಾನು ಒಂದು ಮಾತು ಹೇಳಿದರೆ ಟ್ಯಾಂಕ್ ಪಾಸಾಗುತ್ತಿತ್ತು. ಹೇಳದಿದ್ದರೆ ಪಾಕದ ಕೋಣೆಯೇ ಹೋಗಬಹುದಿತ್ತು.

“ಅವಳು ಬೇಡ ಅಂದ್ರೆ ಬೇಡ,” ಅಂದೆ. “ಟ್ಯಾಂಕ್ ಖಾಲಿ ಮಾಡಿ.”

ಜೇನ್ ತಾವೂ ಒಂದು ಗುಟುಕು ಕುಡಿದು ನೋಡಿ ಲೋಟ ಕೆಳಗಿಟ್ಟರು. ವಿಮಾನ ನಾಳೆಗೆ ಬದಲಾಯಿಸಿ, ಹೊಸ ಟ್ಯಾಂಕಿಗೆ ಕಾಯುತ್ತೇನೆ ಅಂದರು. ಆಮೇಲೆ ಸಯೀದ್‌ರ ಕೈ ಕುಲುಕಿ, ತನ್ನೆದುರೇ ಬೇಡ ಅನ್ನುವ ಜನ ಇರುವ ಕಡೆಯಿಂದ ಮಾರ್ಸ್‌ಡನ್ನನ್ನು ಎತ್ತಿಕೊಂಡು ಹೋಗಲು ತನಗೆ ಹುಚ್ಚು ಹಿಡಿದಿಲ್ಲ ಅಂದರು. ಸಯೀದ್ ಕುರ್ಚಿ ಹುಡುಕಿ ಕುಳಿತುಬಿಟ್ಟರು.

ಮನೆಗೆ ಬರುವಾಗ ಕಾರಿನಲ್ಲಿ ಅಕ್ಷಿತಾಳನ್ನು ಕೇಳಿದೆ, “ಹೆದರಿಕೆ ಆಗಲಿಲ್ಲವಾ ನಿನಗೆ?”

“ಆಯ್ತು ಮೇಡಮ್. ಆದ್ರೆ ಬಾಲ ಇರ್ಲಿಲ್ಲ ಅಲ್ಲವಾ?”

ಇಷ್ಟು ವರ್ಷದಲ್ಲಿ ನಾನೂ ಅಷ್ಟು ಜನರೆದುರು ಬೇಡ ಅಂದದ್ದಿಲ್ಲ. ಈ ಹುಡುಗಿಗೆ ಕಲಿಸಿದ್ದು ನಾನು, ಜೋಸ್ಲಿನ್‌ಗೆ ನಾಳೆಯೇ ಹೇಳಬೇಕು. ಹೊಸ ಟ್ಯಾಂಕ್ ಬೆಳಗ್ಗೆಯೇ ಆಗುತ್ತದೆ. ಅಕ್ಷಿತಾ ಬರುವ ಮುಂಚೆ ಹೋಗಿ ಲೋಟಗಳನ್ನು ತೊಳೆದಿಡಬೇಕು.